ಹುಂಡಿಗೆ ಸೀಳು ಯಾವಾಗ ಹಾಕಬೇಕು

ನಾಣ್ಯ ಕೂಡಿಡುವ ಮಣ್ಣಿನ ಗಡಿಗೆಗೆ ನಮ್ಮ ಕಡೆ ಹುಂಡಿ, ಇಲ್ಲಿ ಮುಂಬಯಿಯ ಧಾರಾವಿಯ ಕುಂಬಾರವಾಡದಲ್ಲಿ ಗಲ್ಲಾ ಅನ್ನುತ್ತಾರೆ. ಬಾಯಿಯಿಲ್ಲದ ಪಾತ್ರೆ ಇದು, ಅದಕ್ಕೇ ಮಡಕೆಗಿಂತ ಕಷ್ಟ.

ಐದಾರು ಇಂಚಿನ ಹುಂಡಿಗೆ ಹದ ಮಾಡಿದ ಮಣ್ಣು ಸುಮಾರು ಒಂದು ಕಿಲೋ ತಗೊಳ್ಳುತ್ತೇನೆ. ಮಣ್ಣನ್ನು ನೀರಲ್ಲಿ ಕದಡಿ ಸೋಸಿರಲೇಬೇಕು. ಸುಣ್ಣದ ಹರಳು ಸಾಸಿವೆಯಷ್ಟು ಉಳಿದರೂ ಸುಟ್ಟ ಮೇಲೆ ಮುಂಬಯಿಯ ತೇವ ಕುಡಿದು ಉಬ್ಬುತ್ತದೆ. ಬಣ್ಣ ಹಚ್ಚಿದ ಮೈಯಿಂದ ಬಿಲ್ಲೆಯಂತೆ ಚೂರು ಹಾರುತ್ತದೆ.

ತಿಗರಿಯ ಮೇಲೆ ಎತ್ತುವಾಗ ಭುಜದ ಹತ್ತಿರ ಸ್ವಲ್ಪ ದಪ್ಪ ಬಿಡುತ್ತೇನೆ. ಕತ್ತು ಹಿಸುಕಿ ಮುಚ್ಚುವಾಗ ಸುಕ್ಕು ಬೀಳುವುದು ಅಲ್ಲೇ. ನಾಲ್ಕೈದು ಸಲಕ್ಕೆ ಸ್ವಲ್ಪ ಸ್ವಲ್ಪ ಹಿಸುಕಿದರೆ ಬೀಳುವುದಿಲ್ಲ. ಮುಚ್ಚಿದ ಮೇಲೆ ಒಳಗೆ ಸಿಕ್ಕ ಗಾಳಿಯೇ ಆಸರೆ, ಹೊರಗಿಂದ ಒತ್ತಿ ಗುಂಡಗೆ ಮಾಡಬಹುದು. ಆಗಲೇ ಸೀಳಿದರೆ ಗಾಳಿ ಹೋಗಿ ತಲೆ ಕುಸಿಯುತ್ತದೆ. ತೀರಾ ತಡ ಮಾಡಿದರೂ ಕೆಡುತ್ತದೆ: ಒಣಗುವ ಗೋಡೆ ಕುಗ್ಗುತ್ತದೆ, ಗಾಳಿ ಜಾಗ ಬಿಡುವುದಿಲ್ಲ, ಬಿರುಕು. ಬೆರಳೊತ್ತಿದರೆ ಗುರುತು ಬೀಳಬೇಕು, ಮಣ್ಣು ಬೆರಳಿಗೆ ಅಂಟಬಾರದು. ಅದೇ ಹೊತ್ತು.

10 ಮತ್ತು 20 ರೂಪಾಯಿ ನಾಣ್ಯ ಎರಡೂ 27 ಮಿ.ಮೀ. ನಾನು 35 ಮಿ.ಮೀ. ಉದ್ದ, 5 ಮಿ.ಮೀ. ಅಗಲ ಸೀಳುತ್ತೇನೆ, ಒಣಗಿ ಸುಟ್ಟ ಹೊತ್ತಿಗೆ ಉದ್ದ 32ರ ಆಸುಪಾಸಿಗೆ ಬರುತ್ತದೆ. ಹಸಿಯಲ್ಲಿ ನಾಣ್ಯ ಹಿಡಿದು ಅಳತೆ ಮಾಡಿದವರ ಹುಂಡಿಗೆ ಕೊನೆಗೆ ನಾಣ್ಯವೇ ಹೋಗುವುದಿಲ್ಲ. ಮೊದಲು ಎರಡು ತುದಿಗೂ ಪೊರಕೆಕಡ್ಡಿಯಿಂದ ದುಂಡನೆಯ ತೂತು, ಆಮೇಲೆ ಚಾಕುವಿನಿಂದ ಕೂಡಿಸುವುದು. ಚೂಪು ಮೂಲೆ ಬಿಟ್ಟರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಒಳಗೆ ಬಿದ್ದ ಮಣ್ಣಿನ ಚೂರನ್ನು ಕೆದಕಬೇಡಿ. ಹಸಿಯಲ್ಲಿ ಗೋಡೆಗೆ ಅಂಟುತ್ತದೆ. ಒಣಗಿದ ಮೇಲೆ ಬೋರಲು ಹಾಕಿ ಅಲ್ಲಾಡಿಸಿದರೆ ತಾನೇ ಉದುರುತ್ತದೆ.

ಮಳೆಗಾಲದಲ್ಲಿ ನೆರಳಲ್ಲಿ ಹತ್ತು ಹನ್ನೆರಡು ದಿನ ಬೇಕು. ಭಟ್ಟಿಯಲ್ಲಿ ಸಿಡಿಯುವುದಕ್ಕೆ ಗಾಳಿ ಕಾರಣವಲ್ಲ, ಗೋಡೆಯೊಳಗೆ ಉಳಿದ ನೀರು ಹಬೆಯಾಗುವುದು. ಇಲ್ಲಿ ಉರಿಸುವುದು ಚಿಂದಿಬಟ್ಟೆ, ಹತ್ತಿಯ ಕಸ, ಭಗ್ಗನೆ ಹತ್ತಿಕೊಳ್ಳುತ್ತವೆ. ಅದಕ್ಕೇ ಮೊದಲ ಎರಡು ಮೂರು ಗಂಟೆ ಬರೀ ಹೊಗೆ ಕೊಡಬೇಕು.

ಬಣ್ಣಕ್ಕೆ ಮೊದಲು ಸೀಮೆಸುಣ್ಣದ ಪುಡಿಯನ್ನು ಅಂಟಿನ ನೀರಲ್ಲಿ ಕಲಸಿ ಎರಡು ಕೈ ಬಳಿಯುತ್ತೇನೆ. ಬರೀ ಮೈಗೆ ಹಚ್ಚಿದರೆ ಹಳದಿಯನ್ನು ಮಣ್ಣೇ ಕುಡಿದುಬಿಡುತ್ತದೆ. ಹೂಬಳ್ಳಿಯನ್ನು ಸೀಳಿನಿಂದ ಅರ್ಧ ಬೆರಳು ದೂರಕ್ಕೇ ನಿಲ್ಲಿಸುತ್ತೇನೆ. ನಾಣ್ಯ ಉಜ್ಜಿ ಬಣ್ಣ ಮೊದಲು ಏಳುವುದು ಆ ಅಂಚಿನಲ್ಲೇ.