ವಿಸೆಂಟರ್‌ನಿಂದ ವರ್ಚುವಲ್ ಮಷೀನ್‌ಗಳ ಪಟ್ಟಿ ತೆಗೆದ ಬಗೆ: ನನ್ನ ಅನುಭವ

2023ರ ನವೆಂಬರ್‌ನಲ್ಲಿ ಒಂದೇ ಸರ್ವರ್‌ನಲ್ಲಿ ಹಲವು ವರ್ಚುವಲ್ ಮಷೀನ್‌ಗಳನ್ನು (ತಂತ್ರಾಂಶದಿಂದಲೇ ರೂಪಿಸಿದ ಕಂಪ್ಯೂಟರ್‌ಗಳನ್ನು) ನಡೆಸುವ ತಂತ್ರಾಂಶ ತಯಾರಿಸುವ ವಿಎಂವೇರ್ ಸಂಸ್ಥೆ ಬ್ರಾಡ್‌ಕಾಮ್ ಕಂಪನಿಯ ಪಾಲಾಗಿ, ಮರುತಿಂಗಳೇ ಶಾಶ್ವತ ಲೈಸೆನ್ಸ್‌ಗಳ ಮಾರಾಟ ನಿಂತು, ಪ್ರೊಸೆಸರ್‌ನ ಕೋರ್ ಲೆಕ್ಕದಲ್ಲಿ ಚಂದಾ ಕಟ್ಟುವ ಪದ್ಧತಿ ಬಂದಾಗ, ನಮ್ಮ ಡೇಟಾ ಸೆಂಟರ್‌ನಲ್ಲಿ ಏನೇನಿದೆ ಎಂಬುದಕ್ಕೆ ನಂಬಬಹುದಾದ ಪಟ್ಟಿಯೊಂದು ಬೇಕಾಯಿತು. ಆ ಕೆಲಸವನ್ನು ನಾನು ವಹಿಸಿಕೊಂಡೆ.

ಈ ಮಷೀನ್‌ಗಳನ್ನೆಲ್ಲ ಒಂದೇ ಕಡೆಯಿಂದ ನಿರ್ವಹಿಸುವ ವಿಎಂವೇರ್ ತಂತ್ರಾಂಶವಾದ ವಿಸೆಂಟರ್‌ನ ವೆಬ್ ಪರದೆಯಲ್ಲಿಯೇ ಎಕ್ಸ್‌ಪೋರ್ಟ್ ಗುಂಡಿ ಇದೆ. ಒಮ್ಮೆ ಕಣ್ಣಾಡಿಸಲು ಅಷ್ಟೇ ಸಾಕು. ಆದರೆ ಪ್ರತಿ ಬಾರಿಯೂ ಅದೇ ಕಾಲಮ್‌ಗಳು ಅದೇ ಕ್ರಮದಲ್ಲಿ ಬರಬೇಕಾಗಿದ್ದುದರಿಂದ ನಾನು ಪವರ್‌ಸಿಎಲ್‌ಐ (ಆದೇಶಗಳನ್ನು ಬರೆದು ವಿಸೆಂಟರ್‌ನಿಂದ ಕೆಲಸ ಮಾಡಿಸುವ ಸಾಧನ) ಸ್ಕ್ರಿಪ್ಟನ್ನೇ ಆರಿಸಿಕೊಂಡೆ. ಇದಕ್ಕೆ ಅಡ್ಮಿನ್ ಖಾತೆ ಬೇಕಿಲ್ಲ. ವಿಸೆಂಟರ್‌ನ ಮೇಲ್ಮಟ್ಟದಲ್ಲಿ ಓದುವ ಅನುಮತಿಯನ್ನಷ್ಟೇ ಕೊಟ್ಟು, ಅದು ಕೆಳಗಿನ ಎಲ್ಲ ಫೋಲ್ಡರ್‌ಗಳಿಗೂ ಅನ್ವಯಿಸುವಂತೆ ಮಾಡಿದರೆ ಸಾಕು.

ಮಷೀನ್‌ಗಳ ಪಟ್ಟಿ ಕೊಡುವ ಗೆಟ್-ವಿಎಂ ಆದೇಶದ ಫಲಿತಾಂಶಕ್ಕೆ ಐಪಿ ಕಾಲಮ್ ಸೇರಿಸಿ, ಅದನ್ನು ಕೋಷ್ಟಕದ ಕಡತವಾಗಿ ಉಳಿಸುವ ಎಕ್ಸ್‌ಪೋರ್ಟ್-ಸಿಎಸ್‌ವಿಗೆ ನೇರವಾಗಿ ಕೊಟ್ಟರೆ ಕಡತವೇನೋ ಸಿದ್ಧವಾಗುತ್ತದೆ, ಆದರೆ ಅದನ್ನು ಹಾಗೆಯೇ ನಂಬುವಂತಿಲ್ಲ. ಒಂದು ಮಷೀನ್‌ಗೆ ಹಲವು ಐಪಿ ವಿಳಾಸಗಳಿರಬಹುದಾದ್ದರಿಂದ ಆ ಕಾಲಮ್‌ನಲ್ಲಿ ವಿಳಾಸದ ಬದಲು ‘ಸಿಸ್ಟಮ್ ಡಾಟ್ ಸ್ಟ್ರಿಂಗ್’ ಎಂಬ ಡೇಟಾ ಪ್ರಕಾರದ ಹೆಸರು ಬಂದು ಕೂರುತ್ತದೆ. ಹಾಗಾಗಿ ವಿಳಾಸಗಳನ್ನು ಜಾಯಿನ್ ಎಂಬ ಸೂಚನೆಯ ಮೂಲಕ ಅರ್ಧವಿರಾಮ ಚಿಹ್ನೆಯಿಂದ ಪೋಣಿಸಿ ಒಂದೇ ಸಾಲಿನ ಪಠ್ಯವಾಗಿಸಿದೆ. ಡಿಸ್ಕ್‌ಗೂ ಎರಡು ಕಾಲಮ್‌ಗಳನ್ನಿಟ್ಟೆ. ಬಳಸಿದಷ್ಟೇ ಜಾಗ ಹಿಡಿಯುವ ಥಿನ್ ಡಿಸ್ಕ್‌ನಲ್ಲಿ ಹಂಚಿಕೆ 500 ಜಿಬಿ ಇದ್ದು ನಿಜವಾಗಿ ಬಳಕೆಯಾಗಿರುವುದು 60 ಜಿಬಿ ಮಾತ್ರ ಇರಬಹುದು, ಮಷೀನ್‌ಗಳನ್ನು ಬೇರೆ ಕಡೆಗೆ ಸ್ಥಳಾಂತರಿಸುವ ಯೋಜನೆಗೆ ಎರಡೂ ಅಂಕಿಗಳು ಬೇಕೇಬೇಕು.

ಗುರುತಿನ ಕಾಲಮ್‌ಗೆ ನಾನು ಎಲ್ಲಕ್ಕಿಂತ ಹೆಚ್ಚು ಮಹತ್ವ ಕೊಡುತ್ತೇನೆ. ಮಷೀನ್‌ನ ಹೆಸರನ್ನು ಅನುಮತಿಯಿರುವ ಯಾರು ಬೇಕಾದರೂ ಬದಲಿಸಬಹುದು, ಬೇರೆ ಬೇರೆ ಫೋಲ್ಡರ್‌ಗಳಲ್ಲಿ ಒಂದೇ ಹೆಸರು ಎರಡು ಮಷೀನ್‌ಗಳಿಗೂ ಇರಬಹುದು. ಇನ್ವೆಂಟರಿಯಿಂದ ತೆಗೆದು ಮತ್ತೆ ನೋಂದಾಯಿಸಿದರೆ ವಿಸೆಂಟರ್‌ನ ಆಂತರಿಕ ಸಂಖ್ಯೆಯೂ ಬದಲಾಗುತ್ತದೆ. ಆದ್ದರಿಂದ ಪ್ರತಿ ಮಷೀನ್‌ಗೂ ಪ್ರತ್ಯೇಕವಾಗಿರುವ ಗುರುತು ಸಂಖ್ಯೆಯಾದ ಇನ್‌ಸ್ಟನ್ಸ್ ಯುಯುಐಡಿಯನ್ನೇ ಮೊದಲ ಕಾಲಮ್ ಮಾಡಿದೆ.

ಗೆಟ್-ವಿಎಂ ಟೆಂಪ್ಲೇಟ್‌ಗಳನ್ನು (ಹೊಸ ಮಷೀನ್‌ಗಳಿಗೆ ಅಚ್ಚಾಗಿ ಇಟ್ಟಿರುವವನ್ನು) ತೋರಿಸುವುದಿಲ್ಲ, ಅವನ್ನು ಗೆಟ್-ಟೆಂಪ್ಲೇಟ್‌ನಿಂದ ಪ್ರತ್ಯೇಕವಾಗಿ ಪಡೆಯಬೇಕು. ಅದಕ್ಕೆ ತದ್ವಿರುದ್ಧವಾಗಿ, ವಿಎಂವೇರ್‌ನ ಮೂಲ ತಂತ್ರಾಂಶವಾದ ವಿಸ್ಫಿಯರ್‌ನ 7.0 ಅಪ್‌ಡೇಟ್ 1ರಿಂದೀಚೆಗೆ ಕ್ಲಸ್ಟರ್‌ಗಳು (ಸರ್ವರ್‌ಗಳ ಗುಂಪುಗಳು) ತಾವಾಗಿಯೇ ಹುಟ್ಟಿಸಿಕೊಳ್ಳುವ ‘ವಿಸಿಎಲ್‌ಎಸ್’ ಮಷೀನ್‌ಗಳು ಪಟ್ಟಿಯೊಳಗೆ ನುಸುಳುತ್ತವೆ; ಅವನ್ನು ಹೆಸರು ನೋಡಿ ಸೋಸಿ ತೆಗೆದೆ. ಆಫ್ ಆಗಿರುವ ಮಷೀನ್‌ಗಳಲ್ಲಿ ಒಳಗಿನ ಮಾಹಿತಿ ತಿಳಿಸುವ ವಿಎಂವೇರ್ ಟೂಲ್ಸ್ ಓಡದಿರುವುದರಿಂದ ಐಪಿ ಖಾಲಿ ಬರುತ್ತದೆ, ಆದರೂ ಅವುಗಳ ಡಿಸ್ಕ್ ಸ್ಟೋರೇಜನ್ನು ಹಿಡಿದುಕೊಂಡೇ ಇರುತ್ತದೆಯಾದ್ದರಿಂದ ಅವನ್ನು ಕೈಬಿಡಲಿಲ್ಲ.

ಲೈಸೆನ್ಸ್ ಲೆಕ್ಕಕ್ಕೆ ಈ ಪಟ್ಟಿ ಸಾಲದು. ಆ ಲೆಕ್ಕ ಹೋಸ್ಟ್‌ಗಳ (ಮಷೀನ್‌ಗಳನ್ನು ನಡೆಸುವ ಭೌತಿಕ ಸರ್ವರ್‌ಗಳ) ಮೇಲೆ ನಿಂತಿದೆ, ಒಂದೊಂದು ಪ್ರೊಸೆಸರ್‌ಗೂ ಕನಿಷ್ಠ 16 ಕೋರ್ ಎಂದೇ ಎಣಿಸಲಾಗುತ್ತದೆ. ಅದಕ್ಕಾಗಿ ಗೆಟ್-ವಿಎಂಹೋಸ್ಟ್‌ನಿಂದ ಇನ್ನೊಂದು ಹಾಳೆ ತೆಗೆದೆ. ಮಷೀನ್ ಯಾರದ್ದು ಎಂಬುದು ಮಾತ್ರ ಯಾರಾದರೂ ಬರೆದಿಡದ ಹೊರತು ವಿಸೆಂಟರ್‌ಗೆ ಗೊತ್ತಿರುವುದಿಲ್ಲ. ಆ ಕಾಲಮನ್ನು ಆಯಾ ವಿಭಾಗದವರನ್ನು ಕೇಳಿ ತುಂಬಿಸಿ, ಕಸ್ಟಮ್ ಆಟ್ರಿಬ್ಯೂಟ್ (ನಾವೇ ಸೇರಿಸುವ ಹೆಚ್ಚುವರಿ ಮಾಹಿತಿ) ಆಗಿ ವಿಸೆಂಟರ್‌ಗೇ ಮರಳಿ ಸೇರಿಸಿದೆ. ಈಗ ಪ್ರತಿ ತಿಂಗಳ ಕಡತದಲ್ಲಿ ಅದೂ ತಾನಾಗಿಯೇ ಬರುತ್ತಿದೆ.