ಸಂಘದ ನಡಾವಳಿಯಲ್ಲಿ ಗಾಳದವರ ಮಾತು: ನನ್ನ ಏಳು ವರ್ಷದ ಅನುಭವ

2024ರ ಸೆಪ್ಟೆಂಬರ್‌ನಲ್ಲಿ ನಡೆದ ನಮ್ಮೂರ ಮೀನುಗಾರರ ಸಹಕಾರ ಸಂಘದ ಸರ್ವಸದಸ್ಯರ ಸಭೆಯ ನಡಾವಳಿ ಪುಸ್ತಕದಲ್ಲಿ, ಐದನೆಯ ವಿಷಯವಾಗಿ, ಹವ್ಯಾಸಕ್ಕೆ ಗಾಳ ಹಾಕುವವರು ದಿನಕ್ಕೆ ಎಷ್ಟು ಮೀನು ಹಿಡಿಯಬಹುದು ಮತ್ತು ಮಳೆಗಾಲದಲ್ಲಿ ಕೋಡಿಹಳ್ಳದಲ್ಲಿ ಯಾರೂ ಮೀನು ಹಿಡಿಯದಿರುವುದು ಹೇಗೆ ಎಂಬ ಬಗ್ಗೆ ಒಂದೂವರೆ ಪುಟದ ಠರಾವು ದಾಖಲಾಯಿತು. ಆ ಠರಾವಿನ ಕರಡನ್ನು ಬರೆದವನು ನಾನು. ಸಂಘದ ಸದಸ್ಯನಲ್ಲದ, ಬಲೆಯನ್ನು ಎಂದೂ ಮುಟ್ಟದ ಒಬ್ಬ ಗಾಳದವನ ಮಾತನ್ನು ಬಲೆಗಾರರ ಸಂಘವೊಂದು ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತದೆ ಎಂದರೆ ಹಾಸನದ ಮತ್ತು ಮೈಸೂರಿನ ನನ್ನ ಗಾಳದ ಸ್ನೇಹಿತರಲ್ಲಿ ಯಾರೂ ನಂಬಿರಲಿಲ್ಲ. ಈಗ ಅವರೇ ಫೋನು ಮಾಡಿ ಹೇಗೆ ಸಾಧ್ಯವಾಯಿತೆಂದು ಕೇಳುತ್ತಿರುವುದರಿಂದ ಎಲ್ಲವನ್ನೂ ಒಮ್ಮೆ ಬರೆದಿಡುತ್ತಿದ್ದೇನೆ. ಅಂಕಿಗಳು ಹೆಚ್ಚಾಗಿ ನೆನಪಿನವು. ಸ್ವಲ್ಪ ಆಚೀಚೆ ಇರಬಹುದು.

ನಮ್ಮದು ಹಾಸನ ಜಿಲ್ಲೆಯ ಮಲೆನಾಡಿನ ಅಂಚಿನಲ್ಲಿರುವ ದೊಡ್ಡ ಕೆರೆ. ಅದರ ಕೋಡಿ ಬಿದ್ದ ನೀರು ಒಂದೂವರೆ ಮೈಲಿ ಹಳ್ಳವಾಗಿ ಹರಿದು ಹೇಮಾವತಿಯನ್ನು ಸೇರುತ್ತದೆ. ಕೆರೆಯ ಮೀನಿನ ಗುತ್ತಿಗೆ ಸಂಘದ್ದು. ನಾವು ಹನ್ನೊಂದು ಜನ ಗಾಳದವರು ಭಾನುವಾರ ಮತ್ತು ಸಂಜೆಯ ಹೊತ್ತಿನಲ್ಲಿ ಏರಿಯ ಮೇಲೆ ಕುಳಿತುಕೊಳ್ಳುವವರು.

2017ರಲ್ಲಿ ಮಾಡಿದ ಮೊದಲ ಪ್ರಯತ್ನ ಅರ್ಜಿಯದು. 62 ಜನರ ಸಹಿ ಹಾಕಿಸಿ, ಹಿಡಿಯುವ ಮೀನಿನ ಮಿತಿಯನ್ನು ನಿರ್ಧರಿಸುವಾಗ ಹವ್ಯಾಸಿಗಳ ಅಭಿಪ್ರಾಯವನ್ನೂ ಕೇಳಬೇಕೆಂದು ಬರೆದು ಒಂದು ಕಚೇರಿಗೆ ಕೊಟ್ಟೆವು. ಮೂರು ಬಾರಿ ಓಡಾಡಿದ ಮೇಲೆ ಅಲ್ಲಿ ಕೇಳಿದ ಪ್ರಶ್ನೆ ಒಂದೇ: "ನಿಮ್ಮ ಹತ್ತಿರ ಲೈಸೆನ್ಸ್ ಇದೆಯೇ?" ಇರಲಿಲ್ಲ. ಬಸ್ಸು, ಜೆರಾಕ್ಸ್, ಊಟ ಎಲ್ಲ ಸೇರಿ ಸುಮಾರು ನಾಲ್ಕು ಸಾವಿರ ರೂಪಾಯಿ ಖರ್ಚಾಯಿತು. ಅರ್ಜಿ ಎಲ್ಲಿ ಹೋಯಿತೆಂದು ಇಂದಿಗೂ ಗೊತ್ತಿಲ್ಲ. ಸಂಘವನ್ನು ಕೇಳದೆ ಮೇಲಿನ ಕಚೇರಿಗೆ ಹೋದದ್ದರಿಂದ ಸಂಘದವರಿಗೂ ನಮ್ಮ ಮೇಲೆ ಬೇಸರ ಬಂದಿತ್ತು. ದುಡ್ಡಿಗಿಂತ ಅದೇ ದೊಡ್ಡ ನಷ್ಟವಾಯಿತು.

ಎರಡನೆಯ ತಪ್ಪು ನನ್ನದೇ. 2018ರಲ್ಲಿ ಸಂಘದ ಅಧ್ಯಕ್ಷರ ಮನೆಗೆ ಹೋಗಿ, ನಾಲ್ಕು ಕೆ.ಜಿ.ಗಿಂತ ದೊಡ್ಡ ಕಾಟ್ಲಾವನ್ನು ಬಲೆಯವರಾಗಲಿ ಗಾಳದವರಾಗಲಿ ತೆಗೆಯದೆ ನೀರಿಗೆ ಬಿಡಬೇಕು, ದೊಡ್ಡ ಮೀನು ಉಳಿದರೆ ಮೊಟ್ಟೆ ಹೆಚ್ಚುತ್ತದೆ ಎಂದು ವಾದಿಸಿದೆ. ಅವರು ತಾಳ್ಮೆಯಿಂದ ಕೇಳಿ, ಹಾಲಿನ ಸಂಘದ ಕಾರ್ಯದರ್ಶಿಯಾದ ನನಗೆ, "ಸೆಕ್ರೆಟ್ರಿಯವರೇ, ಕಾಟ್ಲಾ ನಿಂತ ನೀರಿನಲ್ಲಿ ಮರಿ ಮಾಡುವುದನ್ನು ನೀವು ಎಲ್ಲಿ ನೋಡಿದ್ದೀರಿ?" ಎಂದರು. ಕಾಟ್ಲಾ, ರೋಹು, ಮೃಗಾಲ್ ಮೂರೂ ಪ್ರವಾಹದ ಹರಿಯುವ ನೀರನ್ನು ಬಯಸುವ ಮೀನುಗಳು. ಕೆರೆಗೆ ಅವುಗಳ ಬಿತ್ತನೆ ಮರಿಯನ್ನು ಪ್ರತಿವರ್ಷ ತಂದೇ ಬಿಡಬೇಕು, ಅದಕ್ಕೆ ಸಂಘ ವರ್ಷಕ್ಕೆ ಲಕ್ಷದ ಮೇಲೆ ಸುರಿಯುತ್ತಿತ್ತು. ಕೆರೆಯಲ್ಲೇ ಹೆಚ್ಚುವುದು ಜಿಲೇಬಿ ಎಂದು ಕರೆಯುವ ತಿಲಾಪಿಯಾ ಮತ್ತು ಗಿಡಗಂಟಿಗೆ ಮೊಟ್ಟೆ ಅಂಟಿಸುವ ಕಾಮನ್ ಕಾರ್ಪ್. ದೊಡ್ಡ ಕಾಟ್ಲಾ ಬಿಡಿ ಎನ್ನುವುದೆಂದರೆ ಅವರ ಬಂಡವಾಳವನ್ನು ನೀರಿನಲ್ಲೇ ಬಿಡಿ ಎಂದು ಹೇಳಿದಂತೆ. ಇಪ್ಪತ್ತು ವರ್ಷ ಗಾಳ ಹಿಡಿದ ನನಗೆ ಇದು ಗೊತ್ತಿರಬೇಕಾಗಿತ್ತು. ನಾವು ಕೇಳಬೇಕಾದದ್ದು ಸಂಘ ಬಿಟ್ಟ ಮೀನಿನ ಬಗ್ಗೆ ಅಲ್ಲ, ಯಾರೂ ಬಿಡದೆ ತಾನಾಗಿ ಹೊಳೆಯಿಂದ ಹತ್ತಿ ಬರುವ ನಾಟಿ ಗೆಂಡೆ, ಬಾಳೆಮೀನು ಮತ್ತು ಅಪರೂಪದ ಬಿಳಿಮೀನಿನ, ಅಂದರೆ ಮಹಸೀರ್‌ನ, ಬಗ್ಗೆ ಎಂಬುದು ಆ ಮನೆಯ ಜಗಲಿಯ ಮೇಲೆ ಸ್ಪಷ್ಟವಾಯಿತು.

ನಾನು ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ. ಬೆಳಗ್ಗೆ, ಸಂಜೆ ಪ್ರತಿಯೊಬ್ಬರ ಹಾಲಿನ ಲೀಟರು, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಬರೆಯುವುದೇ ನನ್ನ ಕೆಲಸ. ಹಾಲು ಕಡಿಮೆಯಾಯಿತೆಂದು ಯಾರಾದರೂ ಜಗಳಕ್ಕೆ ಬಂದರೆ ನಾನು ಮಾತನಾಡುವುದಿಲ್ಲ, ಪುಸ್ತಕ ತೆರೆದು ತೋರಿಸುತ್ತೇನೆ. ಅದೇ ಕ್ರಮವನ್ನು ಗಾಳಕ್ಕೆ ತಂದದ್ದು 2019ರ ಜೂನ್‌ನಲ್ಲಿ. ಹಾಲಿನ ರಿಜಿಸ್ಟರಿನ ಅಳತೆಯಲ್ಲೇ ಪುಸ್ತಕ ಅಚ್ಚು ಹಾಕಿಸಿ ಹನ್ನೊಂದು ಜನಕ್ಕೂ ಕೊಟ್ಟೆ. ಕುಳಿತ ಹೊತ್ತು, ಎದ್ದ ಹೊತ್ತು, ಎಷ್ಟು ಕೋಲು, ಯಾವ ಎರೆ, ಯಾವ ಮೀನು, ಮೂತಿಯಿಂದ ಬಾಲದ ಕವಲಿನವರೆಗಿನ ಉದ್ದ, ಮನೆಗೊಯ್ದದ್ದೋ ಬಿಟ್ಟದ್ದೋ, ಇಷ್ಟೇ ಕಲಮುಗಳು. ಅತ್ಯಂತ ಕಷ್ಟವಾದದ್ದು ಮೀನು ಸಿಗದ ದಿನವನ್ನು ಬರೆಸುವುದು. ಗಾಳದವನು ಐದು ಕೆ.ಜಿ. ಮೀನನ್ನು ಮರೆಯುವುದಿಲ್ಲ, ಬರಿಗೈಯಲ್ಲಿ ಬಂದ ಐದು ದಿನವನ್ನು ಬರೆಯುವುದಿಲ್ಲ. ಸೊನ್ನೆ ಇಲ್ಲದ ಪುಸ್ತಕ ಬರೀ ಹೊಗಳಿಕೆಯ ಪುಸ್ತಕ. ಮೊದಲ ಆರು ತಿಂಗಳ ಬರವಣಿಗೆಯನ್ನು ಇದೇ ಕಾರಣಕ್ಕೆ ನಾನು ಪೂರ್ತಿಯಾಗಿ ಕೈಬಿಟ್ಟೆ. ಆಮೇಲೆ ಸೊನ್ನೆ ಬರೆಸಲು ಒಂದು ಉಪಾಯ ಮಾಡಿದೆ. ಅದು ನಮ್ಮ ಹನ್ನೊಂದು ಜನರ ನಡುವಿನ ಮಾತಾದ್ದರಿಂದ ಇಲ್ಲಿ ಹೇಳುವುದಿಲ್ಲ. 2024ರ ಹೊತ್ತಿಗೆ ಸುಮಾರು 1,400 ಕೂರಿಕೆಗಳ ಲೆಕ್ಕ ಸೇರಿತ್ತು, ಅದರಲ್ಲಿ ಐನೂರಕ್ಕೂ ಹೆಚ್ಚು ಸೊನ್ನೆಯವು.

ಹವ್ಯಾಸಿಯ ಪುಸ್ತಕಕ್ಕೆ ಯಾರು ಬೆಲೆ ಕೊಡುತ್ತಾರೆ ಎಂದು ಸ್ನೇಹಿತರು ಕೇಳಿದಾಗಲೆಲ್ಲ ನಾನು ಗಾಳಿಬೋರೆಯ ಉದಾಹರಣೆ ಕೊಡುತ್ತಿದ್ದೆ. ಕಾವೇರಿ ದಡದ ಆ ಗಾಳದ ಶಿಬಿರದಲ್ಲಿ 1998ರಿಂದ 2012ರವರೆಗೆ ಗಾಳದವರು ಹಿಡಿದು ಬಿಟ್ಟ ಆರು ಸಾವಿರಕ್ಕೂ ಹೆಚ್ಚು ಮಹಸೀರ್‌ಗಳ ದಾಖಲೆ ಉಳಿದಿತ್ತು. ಅದನ್ನೇ ಆಧರಿಸಿ ಸಂಶೋಧಕರು 2015ರಲ್ಲಿ, ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಸೀರ್ ಹೆಚ್ಚುತ್ತಾ ಹೋದ ಹಾಗೆ ಕಾವೇರಿಯದೇ ಆದ ಡುಬ್ಬದ ಮಹಸೀರ್ ಇಲ್ಲವಾಗುತ್ತಾ ಬಂದದ್ದನ್ನು ತೋರಿಸಿದರು. ಡುಬ್ಬದ ಮಹಸೀರ್‌ಗೆ ಟಾರ್ ರೆಮಾದೇವಿ ಎಂಬ ಸರಿಯಾದ ಶಾಸ್ತ್ರೀಯ ಹೆಸರು ಗುರುತಾದದ್ದು 2018ರಲ್ಲಿ; ಅದೇ ವರ್ಷ ಅದು ಅಳಿವಿನ ತೀರ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಇಷ್ಟು ದೊಡ್ಡ ಮೀನು, 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರ ಗಾಳಕ್ಕೆ 120 ಪೌಂಡು ತೂಗಿದ ಜಾತಿ, ಕಣ್ಣೆದುರಿಗೇ ಕರಗಿದ್ದು ಹೊರಜಗತ್ತಿಗೆ ತಿಳಿದದ್ದು ಗಾಳದವರು ಬರೆದಿಟ್ಟ ಕಾಗದಗಳಿಂದ. ಆ ಕಾಗದಗಳನ್ನು ಹದಿನಾಲ್ಕು ವರ್ಷ ಎತ್ತಿಟ್ಟವರ ಮೇಲೆ ನನಗೆ ಅಪಾರ ಗೌರವವಿದೆ.

ಪುಸ್ತಕದ ಜೊತೆಗೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಬಿಟ್ಟ ಮೀನು ಬದುಕುವುದೇ ಇಲ್ಲ, ಸುಮ್ಮನೆ ಸಾಯಿಸುತ್ತೀರಿ ಎನ್ನುವುದು ಬಲೆಯವರ ಮುಖ್ಯ ಆಕ್ಷೇಪವಾಗಿತ್ತು. ಸೊಳ್ಳೆಪರದೆಯನ್ನು ಎರಡು ಪದರ ಹೊಲಿಸಿ, ಬಿದಿರಿನ ಚೌಕಟ್ಟಿಗೆ ಕಟ್ಟಿ, ಆರು ಅಡಿ ಉದ್ದದ ಪಂಜರ ಮಾಡಿಸಿದೆ; ದರ್ಜಿಗೂ ಬಡಗಿಗೂ ಸೇರಿ 2,200 ರೂಪಾಯಿ ಆಯಿತು. ಗಾಳಕ್ಕೆ ಬಿದ್ದ ಗೆಂಡೆಯನ್ನು ಅದರಲ್ಲಿ ಒಂದು ಹಗಲು, ಒಂದು ರಾತ್ರಿ ನೀರಿನಲ್ಲೇ ಇಟ್ಟು ನೋಡುವುದು. ಮೊದಲ ಇಪ್ಪತ್ತರಲ್ಲಿ ಏಳು ಸತ್ತವು. ಅಂದರೆ ಬಲೆಯವರ ಮಾತಿನಲ್ಲಿ ಹುರುಳಿತ್ತು. ಆಮೇಲೆ ಇಕ್ಕಳದಿಂದ ಗಾಳದ ತುದಿಯಲ್ಲಿ ಹಿಂದಕ್ಕೆ ಚಾಚಿದ ಸಣ್ಣ ಮುಳ್ಳನ್ನು ಒತ್ತಿ ಮಟ್ಟ ಮಾಡಿಕೊಂಡು, ಒಣಗೈಯಲ್ಲಿ ಮುಟ್ಟದೆ, ಏರಿಯ ಕಲ್ಲಿನ ಮೇಲೆ ಹಾಕದೆ, ನೆನೆಸಿದ ಗೋಣಿಚೀಲದ ಮೇಲೆಯೇ ಅಳೆದು ಬಿಟ್ಟಾಗ ಮೂವತ್ತರಲ್ಲಿ ಎರಡು ಮಾತ್ರ ಸತ್ತವು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಬಿಸಿ ನೀರಿನಲ್ಲಿ ಮಾತ್ರ ಎಷ್ಟು ಎಚ್ಚರ ವಹಿಸಿದರೂ ಸಾಯುತ್ತವೆ; ಆ ಎರಡು ತಿಂಗಳು ಹತ್ತು ಗಂಟೆಯ ಮೇಲೆ ನಾವೀಗ ಗಾಳ ಹಾಕುವುದಿಲ್ಲ. ಮುಳ್ಳು ಒತ್ತಿದ ಗಾಳದಿಂದ ಮೀನು ತಪ್ಪಿಸಿಕೊಳ್ಳುತ್ತದೆ ಎನ್ನುವವರಿಗೆ ನನ್ನ ಉತ್ತರ: ದಾರ ಸಡಿಲ ಬಿಡಬೇಡಿ. ನನ್ನ ಲೆಕ್ಕದಲ್ಲಿ ನೂರಕ್ಕೆ ಐದಾರು ಹೆಚ್ಚು ತಪ್ಪಿಸಿಕೊಂಡಿರಬಹುದು, ಅಷ್ಟೇ.

2021ರಲ್ಲಿ ದೊಡ್ಡ ಪೆಟ್ಟು ಬಿತ್ತು. ನಮ್ಮಲ್ಲೊಬ್ಬರು ಕೋಡಿಹಳ್ಳದ ಮಡುವಿನಲ್ಲಿ ಹಿಡಿದು ಬಿಟ್ಟ ಬಿಳಿಮೀನಿನ ಚಿತ್ರವನ್ನು ವಾಟ್ಸಾಪಿನಲ್ಲಿ ಹಂಚಿದರು. ಹಿನ್ನೆಲೆಯಲ್ಲಿದ್ದ ಅತ್ತಿಮರ ಜಾಗವನ್ನು ಹೇಳಿಬಿಟ್ಟಿತು. ಹತ್ತು ದಿನದೊಳಗೆ ಯಾರೋ ರಾತ್ರಿ ಬಂದು ಆ ಮಡುವಿಗೆ ತೋಟೆ ಹಾಕಿದರು. ಬೆಳಗ್ಗೆ ನಾನು ಹೋದಾಗ ತಳದ ಕಲ್ಲುಗಳ ನಡುವೆ ಹೊಟ್ಟೆ ಒಡೆದ, ಬೆರಳುದ್ದದ ಮರಿಗಳು ಹಾಸಿದಂತೆ ಬಿದ್ದಿದ್ದವು. ಸ್ಫೋಟಕವನ್ನೂ ವಿಷವನ್ನೂ ನೀರಿಗೆ ಹಾಕಿ ಮೀನು ಕೊಲ್ಲುವುದನ್ನು ಕಾನೂನೇ ನಿಷೇಧಿಸಿದೆ. ದೂರು ಕೊಟ್ಟೆವು, ಆರೋಪಿ ಸಿಗಲಿಲ್ಲ. ಅಂದಿನಿಂದ ನಮ್ಮ ಗುಂಪಿನಲ್ಲಿ ಜಾಗ ತಿಳಿಯುವ ಚಿತ್ರವನ್ನು ಯಾರೂ ಹಾಕುವುದಿಲ್ಲ. ಮುಂದಿನ ಎರಡು ವರ್ಷದ ಪುಸ್ತಕದಲ್ಲಿ ಆ ಪೆಟ್ಟು ಕಾಣುತ್ತದೆ: 2020ರಲ್ಲಿ ಮೂರು ಗಂಟೆಗೊಂದು ಗೆಂಡೆ ಸಿಗುತ್ತಿದ್ದ ಹಳ್ಳದಲ್ಲಿ 2022ರಲ್ಲಿ ಆರು ಗಂಟೆ ಕೂರಬೇಕಾಯಿತು.

ಆದರೆ ತೋಟೆಯೊಂದೇ ಕಾರಣವಲ್ಲ ಎಂಬುದನ್ನು ತೋರಿಸಿದವರು ಸಂಘದ ಹಿರಿಯ ಹರಿಗೋಲಿನವರು. ನಮ್ಮ ಕಡೆ ಹೊಸ ನೀರಿಗೆ ಹತ್ತುಮೀನು, ಅಂದರೆ ಹೊಳೆಯಿಂದ ಮೇಲೆ ಹತ್ತಿ ಬರುವ ಮೀನು, ಕಡಿಯುವುದು ಹಬ್ಬದಂತೆ. ಜೂನ್ ಕೊನೆಯ ಒಂದು ರಾತ್ರಿ ಅವರು ನನ್ನನ್ನು ಕೋಡಿಯ ಕೆಳಗೆ ಕರೆದೊಯ್ದರು. ಮೊಣಕಾಲುದ್ದದ ಕೆನ್ನೀರಿನಲ್ಲಿ ಮೂವತ್ತಕ್ಕೂ ಹೆಚ್ಚು ಜನ ಟಾರ್ಚು, ಕತ್ತಿ, ಕೂಳಿ (ಮೀನು ಹಿಡಿಯುವ ಬುಟ್ಟಿ) ಹಿಡಿದು ನಿಂತಿದ್ದರು. ಕಡಿದ ಒಂದು ಗೆಂಡೆಯನ್ನು ಅವರು ನನ್ನ ಕೈಗೆ ಕೊಟ್ಟು ಹೊಟ್ಟೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಾಗ, ನೆನೆಸಿದ ಗಸಗಸೆಯಂಥ ಹಳದಿ ಮೊಟ್ಟೆ ನನ್ನ ಅಂಗೈ ತುಂಬಿ ಬೆರಳುಗಳ ಸಂದಿನಿಂದ ನೀರಿಗೆ ಬಿತ್ತು. "ನೋಡಿ ಸೆಕ್ರೆಟ್ರಿಯವರೇ, ನೀವು ವರ್ಷವೆಲ್ಲ ಗಾಳ ಹಾಕಿ ಬಿಡುವುದು ಇಷ್ಟನ್ನೇ. ಇದನ್ನು ಇವರು ಒಂದು ರಾತ್ರಿಗೆ ತೆಗೆಯುತ್ತಾರೆ. ನನ್ನ ಮಗನೂ ಅಲ್ಲೇ ನಿಂತಿದ್ದಾನೆ" ಎಂದರು. ನಾನು ಚಿಕ್ಕಂದಿನಲ್ಲಿ ತಂದೆಯ ಜೊತೆ ಅದೇ ಕೋಡಿಯಲ್ಲಿ ಅದೇ ಕೆಲಸ ಮಾಡಿದವನು. ಆ ರಾತ್ರಿ ಮನೆಗೆ ಬಂದು ನಮ್ಮ ಬೇಡಿಕೆಗಳ ಪಟ್ಟಿಯನ್ನು ಹರಿದು, ಮೊದಲ ಸಾಲಿನಲ್ಲಿ ಕೋಡಿಹಳ್ಳವನ್ನು ಬರೆದೆ.

ಅಲ್ಲಿಂದ ಮುಂದೆ ಅರ್ಜಿ ಕೊಡುವುದನ್ನು ಬಿಟ್ಟು ದುಡ್ಡು ಕೊಡುವುದನ್ನು ಆರಂಭಿಸಿದೆವು. 2022ರಿಂದ ಪ್ರತಿಯೊಬ್ಬರೂ ಗಾಳ ಹಾಕಿದ ದಿನಕ್ಕೆ ನೂರು ರೂಪಾಯಿ ಸಂಘಕ್ಕೆ ಕಟ್ಟಿ ರಸೀದಿ ಪಡೆದೆವು. ಮನೆಗೊಯ್ಯುವ ಕಾಟ್ಲಾ, ರೋಹುವಿಗೆ ಸಂಘದ ದರದಲ್ಲಿ ಕೆ.ಜಿ. ಲೆಕ್ಕದಲ್ಲಿ ಬೇರೆಯಾಗಿ ಕೊಟ್ಟೆವು. ಕೇಳದೆ ಇದ್ದಾಗಲೇ ಕಟ್ಟಬೇಕು, ಅದು ಮುಖ್ಯ. ಎರಡು ವರ್ಷದಲ್ಲಿ ನಮ್ಮ ಕಡೆಯಿಂದ ಸಂಘಕ್ಕೆ ಅರವತ್ತು ಸಾವಿರದ ಹತ್ತಿರ ಹೋಗಿರಬೇಕು. ಪುಸ್ತಕ, ತಕ್ಕಡಿ, ಪಂಜರ, ಓಡಾಟ ಸೇರಿ ನನ್ನೊಬ್ಬನ ಕೈಯಿಂದ ಹೋದದ್ದು ಸುಮಾರು 46,000 ರೂಪಾಯಿ. ಮನೆಯಲ್ಲಿ ಇದರ ಬಗ್ಗೆ ಮಾತು ಬಂದದ್ದುಂಟು. ಆದರೆ 2023ರ ಬರಗಾಲದಲ್ಲಿ ಕೆರೆ ಅರ್ಧಕ್ಕಿಂತ ಕೆಳಗಿಳಿದು ಸಂಘಕ್ಕೆ ಮೀನೇ ಇಲ್ಲದಿದ್ದಾಗ ನಮ್ಮ ರಸೀದಿಯ ಹಣ ಅವರಿಗೆ ಮರಿ ತರಲು ಆಸರೆಯಾಯಿತು, ಅಧ್ಯಕ್ಷರೇ ಅದನ್ನು ಸಭೆಯಲ್ಲಿ ಹೇಳಿದರು.

ಸಹಕಾರ ಸಂಘದ ಒಳಗಿನ ಕ್ರಮ ನನಗೆ ಗೊತ್ತಿದ್ದದ್ದು ಇಲ್ಲಿ ಬಹಳ ಉಪಯೋಗವಾಯಿತು. ಸರ್ವಸದಸ್ಯರ ಸಭೆಯಲ್ಲಿ ನೇರವಾಗಿ ವಿಷಯ ಎತ್ತಿದರೆ ಗದ್ದಲದಲ್ಲಿ ಮುಳುಗುತ್ತದೆ. ಮೊದಲು ಆಡಳಿತ ಮಂಡಳಿಯ ಸಭಾಸೂಚನೆಯಲ್ಲಿ ವಿಷಯ ಸೇರಬೇಕು, ಅದನ್ನು ಸೂಚಿಸುವವರು ಮತ್ತು ಅನುಮೋದಿಸುವವರು ಬಲೆಯವರೇ ಆಗಿರಬೇಕು. ಸೂಚಿಸಿದವರು ಆ ಹರಿಗೋಲಿನ ಹಿರಿಯರು. ಅನುಮೋದಿಸಿದವರು ನಮ್ಮನ್ನು ಅತಿಯಾಗಿ ವಿರೋಧಿಸುತ್ತಿದ್ದವರು. ಅವರನ್ನು ಒಪ್ಪಿಸಿದ ಬಗೆಯನ್ನು ಹೇಳಲು ಅವರ ಅನುಮತಿ ಇಲ್ಲ. ಸಭೆಯಲ್ಲಿ ಒಬ್ಬರು ಎದ್ದು, ಮಳೆಗಾಲದಲ್ಲಿ ಎರಡು ತಿಂಗಳು ಹಳ್ಳ ಬಿಟ್ಟರೆ ನಾವು ಏನು ತಿನ್ನಬೇಕು ಎಂದು ಕೇಳಿದರು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ನಾವು ಕೇಳುತ್ತಿರುವುದು ಕೆರೆಯನ್ನಲ್ಲ, ಒಂದೂವರೆ ಮೈಲಿಯ ಹಳ್ಳವನ್ನು ಮಾತ್ರ ಎಂದು ಉತ್ತರಿಸಿ, ಪುಸ್ತಕದ ಸುಮಾರು ಐದು ವರ್ಷದ ಗಂಟೆ ಲೆಕ್ಕವನ್ನು ದೊಡ್ಡ ಹಾಳೆಯಲ್ಲಿ ಬರೆದದ್ದನ್ನು ಗೋಡೆಗೆ ಅಂಟಿಸಿದೆ. ಲೆಕ್ಕಕ್ಕಿಂತಲೂ ಹೆಚ್ಚಾಗಿ, ಅದರಲ್ಲಿ ನಮ್ಮ ಸೊನ್ನೆಗಳಿದ್ದದ್ದನ್ನು ನೋಡಿ ಅವರು ಒಪ್ಪಿದರು ಎಂದು ನನ್ನ ನಂಬಿಕೆ.

ಕೇಳಿದ್ದೆಲ್ಲ ಸಿಗಲಿಲ್ಲ. ಮೂರು ತಿಂಗಳ ನಿರ್ಬಂಧ ಕೇಳಿದ್ದೆವು, ಎರಡು ಸಿಕ್ಕಿತು. ಮತ ಹಾಕುವ ಹಕ್ಕು ಕೇಳಿದ್ದೆವು, ಬೈಲಾ ಒಪ್ಪದ ಕಾರಣ, ಮಿತಿಯ ವಿಷಯ ಬಂದಾಗ ಇಬ್ಬರು ಗಾಳದವರು ಆಡಳಿತ ಮಂಡಳಿಯ ಸಭೆಯಲ್ಲಿ ಕುಳಿತು ಮಾತನಾಡಬಹುದೆಂದು ಬರೆದರು. ಗಾಳದವರಿಗೆ ದಿನಕ್ಕೆ ಮೂರು ಮೀನು, ಮೊಳಕ್ಕಿಂತ ದೊಡ್ಡ ನಾಟಿ ಗೆಂಡೆ ಮತ್ತು ಎಂಥದ್ದೇ ಬಿಳಿಮೀನು ವಾಪಸು ನೀರಿಗೆ, ಜಿಲೇಬಿಗೆ ಮಿತಿಯಿಲ್ಲ. 2025ರ ಮಳೆಗಾಲದಲ್ಲಿ ಕೋಡಿಯ ಕಾವಲಿಗೆ ಸಂಘದ ನಾಲ್ವರು, ನಮ್ಮ ನಾಲ್ವರು ಸರದಿಯಲ್ಲಿ ನಿಂತೆವು. ಎರಡು ರಾತ್ರಿ ಜಗಳವಾಯಿತು, ಒಂದು ರಾತ್ರಿ ಹನ್ನೆರಡು ಕೂಳಿ ವಶವಾದವು. ಹಿರಿಯರ ಮಗ ಕಾವಲಿನಲ್ಲಿದ್ದ.

ಉಳಿದಿರುವುದು ಬಲೆಯ ಕಣ್ಣಿನ ವಿಷಯ. ಎರಡು ಬೆರಳು ಮಾತ್ರ ಹೋಗುವ ಕಣ್ಣಿನ ಬಲೆಯನ್ನು ಹಳ್ಳದ ಬಾಯಿಯಲ್ಲಿ ರಾತ್ರಿ ಬಿಡುವುದನ್ನು ನಿಲ್ಲಿಸಬೇಕೆಂದು ಮುಂದಿನ ಸಭೆಗೆ ಕೊಡಲು ಕರಡು ಸಿದ್ಧಪಡಿಸುತ್ತಿದ್ದೇನೆ. ಹೊಸ ಬಲೆಗೆ ಒಂದಕ್ಕೆ ಮೂರೂವರೆ ಸಾವಿರ ಆಗುತ್ತದೆ ಎನ್ನುತ್ತಾರೆ. ಎಂಟು ಬಲೆ ಬದಲಾಗಬೇಕು, ಅರ್ಧ ಹಣವನ್ನು ನಮ್ಮ ರಸೀದಿಯ ನಿಧಿಯಿಂದ ಕೊಡುವ ಮಾತುಕತೆ ನಡೆದಿದೆ. ಪುಸ್ತಕದ ನಮೂನೆ ಬೇಕಾದ ಗಾಳದವರು ಕೇಳಿದರೆ ಸಂತೋಷದಿಂದ ಕೊಡುತ್ತೇನೆ. ರಾಗಿಹಿಟ್ಟಿನ ಉಂಡೆಗೆ ನಾನು ಏನು ಬೆರೆಸುತ್ತೇನೆ ಎಂಬುದನ್ನು ಮಾತ್ರ ಕೇಳಬಾರದು.