ಟೆರೇಸ್ ಮೇಲೆ ಸೋಲಾರ್, ಕೆಳಗೆ ಎರೆಹುಳು: ನಮ್ಮ ಪುಣೆ ಸೊಸೈಟಿಯಲ್ಲಿ ಮಾಡಿದ್ದು ಹೀಗೆ

ಪುಣೆ ಮಹಾನಗರ ಪಾಲಿಕೆ ಮನೆ ತೆರಿಗೆಯಲ್ಲಿ ಒಂದು ರಿಯಾಯಿತಿ ಕೊಡುತ್ತದೆ. ಸೋಲಾರ್, ಎರೆಹುಳು ಗೊಬ್ಬರ, ಮಳೆನೀರು ಕೊಯ್ಲು, ಈ ಮೂರರಲ್ಲಿ ಒಂದಿದ್ದರೆ ಶೇ. 5, ಎರಡಿದ್ದರೆ ಶೇ. 10. ಸೊಸೈಟಿಯ ಸೆಕ್ರೆಟರಿಯಾಗಿ ನಾನು ಹಿಡಿದುಕೊಂಡಿದ್ದು ಇದನ್ನೇ. ಭೂಮಿ ಬಿಸಿಯಾಗ್ತಿದೆ ಅಂದರೆ ಮೀಟಿಂಗಿನಲ್ಲಿ ಎಲ್ಲರೂ ಹೌದು ಅಂತಾರೆ. ದುಡ್ಡಿನ ಮಾತು ಬಂದಾಗ ಲೆಕ್ಕ ಕೇಳ್ತಾರೆ. ಕೇಳಲೇಬೇಕು, ಅಲ್ವಾ?

ಲಿಫ್ಟ್, ನೀರಿನ ಪಂಪ್, ಮೆಟ್ಟಿಲಿನ ದೀಪ ಎಲ್ಲ ಕಾಮನ್ ಮೀಟರಿನಲ್ಲಿ ಬರುತ್ತವೆ. ಆ ಮೀಟರಿನ ಒಂದು ವರ್ಷದ ಬಿಲ್ಲುಗಳನ್ನು ಮುಂದಿಟ್ಟುಕೊಂಡೆ. ಒಂದು ಕಿಲೋವ್ಯಾಟ್ ಸೋಲಾರ್ ಪ್ಯಾನೆಲ್ಲಿಗೆ ಸುಮಾರು 100 ಚದರಡಿ ಜಾಗ ಬೇಕು. ವರ್ಷದ ಸರಾಸರಿ ನೋಡಿದರೆ ಅದು ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಟೆರೇಸಿನಲ್ಲಿ ನೀರಿನ ಟ್ಯಾಂಕಿನ ನೆರಳು ಎಲ್ಲೆಲ್ಲಿ ಬೀಳುತ್ತದೆ ಅಂತ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹೋಗಿ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಪ್ಯಾನೆಲ್ಲಿನ ಒಂದು ಮೂಲೆಗೆ ನೆರಳು ಬಿದ್ದರೂ ಉತ್ಪಾದನೆ ಇಳಿಯುತ್ತದೆ. ಈ ಕೆಲಸವನ್ನು ಕಂಪನಿಯವರಿಗೆ ಬಿಡದೆ ನೀವೇ ಮಾಡಿ.

ಕೇಂದ್ರ ಸರ್ಕಾರದ 2024ರ ಸೋಲಾರ್ ಯೋಜನೆ ಪಿಎಂ ಸೂರ್ಯಘರ್‌ನಲ್ಲಿ ಸೊಸೈಟಿಯ ಕಾಮನ್ ಬಳಕೆಗೆ ಕಿಲೋವ್ಯಾಟ್‌ಗೆ 18,000 ರೂಪಾಯಿ ಸಹಾಯಧನ ಇದೆ. ಅದು ಬರುವುದು ಕೆಲಸ ಮುಗಿದು ತಪಾಸಣೆ ಆದ ಮೇಲೆ. ಹಾಗಾಗಿ ಪೂರ್ತಿ ಹಣ ಮೊದಲೇ ಜೋಡಿಸಿಕೊಂಡೆವು.

"ಮಳೆಗಾಲದಲ್ಲಿ ಏನ್ ಮಾಡ್ತೀರಿ?" ಅಂತ ಕೆಳಮನೆಯ ಕಾಕಾ ಮೀಟಿಂಗಿನಲ್ಲಿ ಕೇಳಿದರು. ಒಳ್ಳೆಯ ಪ್ರಶ್ನೆ. ನೆಟ್ ಮೀಟರ್ ಅಂದರೆ ನಾವು ಲೈನಿಗೆ ಕೊಟ್ಟ ಕರೆಂಟು, ಅಲ್ಲಿಂದ ತಗೊಂಡ ಕರೆಂಟು ಎರಡನ್ನೂ ಅಳೆಯುವ ಮೀಟರ್. ಅದು ಇದ್ದರೆ ಏಪ್ರಿಲ್, ಮೇ ತಿಂಗಳಲ್ಲಿ ಉಳಿದ ಯೂನಿಟ್ಟು ಅದೇ ಹಣಕಾಸು ವರ್ಷದ ಮುಂದಿನ ಬಿಲ್ಲುಗಳಲ್ಲಿ ಕಳೆಯುತ್ತದೆ. ಕಾಗದದ ಮೇಲೆ ಬರೆದು ತೋರಿಸಿದೆ. ಠರಾವಿಗೆ ಮೊದಲು ಕೈ ಎತ್ತಿದವರು ಅವರೇ.

ನಮ್ಮ ಗ್ರಿಡ್ಡಿನ ಕರೆಂಟು ಹೆಚ್ಚಾಗಿ ಕಲ್ಲಿದ್ದಲಿನದು. ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್. 10 ಕಿಲೋವ್ಯಾಟ್ ಹಾಕಿದರೆ ದಿನಕ್ಕೆ ಹತ್ತಿರ ಹತ್ತಿರ 28 ಕಿಲೋ ತಪ್ಪಿತು. ಈ ಅಂಕಿಯನ್ನು ನೋಟಿಸ್ ಬೋರ್ಡಿನಲ್ಲಿ ಹಾಕಿದ್ದೇವೆ. ಮಕ್ಕಳು ನಿಂತು ಓದುತ್ತಾರೆ.

ಗೊಬ್ಬರದ ಕೆಲಸಕ್ಕೆ ಖರ್ಚು ಕಡಿಮೆ, ಗಮನ ಜಾಸ್ತಿ ಬೇಕು. ಹಸಿ ಕಸ ಗುಡ್ಡೆಯಾಗಿ ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಹುಟ್ಟುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಬಿಸಿ ಏರಿಸುತ್ತದೆ. ಉರುಳಿ ದೇವಾಚಿಯ ಕಸದ ರಾಶಿಯ ಪಕ್ಕ ಬದುಕಿದ ಊರವರ ಕಷ್ಟ ಪುಣೆಯವರಿಗೆ ಗೊತ್ತು. ನಮ್ಮ ಕಸ ಅಲ್ಲಿಗೆ ಹೋಗಬಾರದು ಅನ್ನುವುದು ನನಗೆ ತೆರಿಗೆಗಿಂತ ದೊಡ್ಡ ಮಾತು. ಎರೆಹುಳು ತೊಟ್ಟಿಯಲ್ಲಿ ಹಸಿ ಕಸದಷ್ಟೇ ಒಣ ಎಲೆ ಹಾಕ್ತೇವೆ, ಆಗ ವಾಸನೆ ಬರಲ್ಲ. ನಿಂಬೆ ಸಿಪ್ಪೆ, ಎಣ್ಣೆ ಪದಾರ್ಥ ಎರೆಹುಳುವಿಗೆ ಆಗಿಬರಲ್ಲ.

ತೊಟ್ಟಿ ಸುಮ್ನೆ ಕಟ್ಟಿಸಿಟ್ಟರೆ ರಿಯಾಯಿತಿ ಉಳಿಯುವುದಿಲ್ಲ, ಅದು ನಡೆಯುತ್ತಿರಬೇಕು. ಅದಕ್ಕೇ ತೊಟ್ಟಿ ನೋಡಿಕೊಳ್ಳುವವರಿಗೆ ಮೆಂಟೆನನ್ಸ್ ಹಣದಿಂದ ತಿಂಗಳ ಸಂಬಳ ಗೊತ್ತು ಮಾಡಿದೆವು. ಬೇಸಿಗೆಯಲ್ಲಿ ಪ್ಯಾನೆಲ್ಲಿನ ಧೂಳು ತೊಳೆಯುವುದೂ ಅವರದೇ ಕೆಲಸ, ಅದಕ್ಕೆ ಬೇರೆ ದುಡ್ಡು ಕೊಡ್ತೇವೆ.